ಬೀಕನ್ ಹಿಲ್ ಸ್ಟೇಷನ್ ಎದುರಿನ ಹಳೆ ಸ್ಕೂಲು: ಎಲ್ ಸೆಂತ್ರೊ ದೆ ಲಾ ರಾಸಾ ಹುಟ್ಟಿದ್ದು ಹೇಗೆ?

ತುಂಗೆ_ದಡ ಕೇಳಿದ್ದು:

ಸಿಯಾಟಲ್‌ನಲ್ಲಿರುವ ಎಲ್ಲರಿಗೂ ನಮಸ್ಕಾರ. ನಾವು ಈ ಊರಿಗೆ ಬಂದು ಎಂಟು ತಿಂಗಳಾಯಿತು. ಹೋದ ತಿಂಗಳು ಶಿವಮೊಗ್ಗದಿಂದ ಅಮ್ಮ ಬಂದಿದ್ದಾರೆ. ಅಮ್ಮ ಮೂವತ್ತೆರಡು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್ ಆಗಿದ್ದವರು. ಶನಿವಾರ ಅವರನ್ನು ಲೈಟ್ ರೈಲಿನಲ್ಲಿ ಸುತ್ತಾಡಿಸುತ್ತಾ ಬೀಕನ್ ಹಿಲ್‌ನಲ್ಲಿ ಇಳಿದೆವು. ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೆ ಹಳೆಯ ಕಾಲದ ದೊಡ್ಡ ಕಟ್ಟಡ, ಪಕ್ಕದಲ್ಲಿ ಬಣ್ಣಬಣ್ಣದ ಹೊಸ ಅಪಾರ್ಟ್‌ಮೆಂಟು. ಎಲ್ ಸೆಂತ್ರೊ ದೆ ಲಾ ರಾಸಾ ಅಂತ ಬೋರ್ಡು.

ಅಮ್ಮ ಒಂದು ನಿಮಿಷ ನಿಂತು ನೋಡಿದರು. "ಇದು ಸ್ಕೂಲು ಕಣೋ. ಕಿಟಕಿ ನೋಡಿದ್ರೆ ಗೊತ್ತಾಗಲ್ವಾ" ಅಂದರು. ನಾನು ಫೋನಿನಲ್ಲಿ ನೋಡಿದೆ. ಸ್ಪ್ಯಾನಿಷ್ ಮಾತಾಡುವ ಜನರ ಸೇವಾ ಸಂಸ್ಥೆ ಅಂತ ಇತ್ತು. ಅಮ್ಮನಿಗೆ ಅಷ್ಟು ಸಾಕಾಗಲಿಲ್ಲ. ಸ್ಕೂಲು ಸಂಸ್ಥೆ ಆದದ್ದು ಹೇಗೆ, ಮಕ್ಕಳೆಲ್ಲ ಎಲ್ಲಿ ಹೋದರು, ಇದನ್ನು ಯಾರು ಕೊಟ್ಟರು ಅಂತ ಮನೆಗೆ ಬರುವ ತನಕ ಕೇಳುತ್ತಲೇ ಇದ್ದರು. ಯಾರಿಗಾದರೂ ಈ ಜಾಗದ ಕಥೆ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಓದಿ ಹೇಳ್ತೀನಿ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ.

ಹರಿಹರದ_ಅಕ್ಕ ಬರೆದದ್ದು:

ತಮ್ಮ, ನಿಮ್ಮ ಅಮ್ಮನಿಗೆ ಮೊದಲು ನನ್ನ ನಮಸ್ಕಾರ ಹೇಳು. ಕಿಟಕಿ ನೋಡಿ ಸ್ಕೂಲು ಅಂತ ಗುರುತು ಹಿಡಿದರಲ್ಲ, ಅವರು ಹೇಳಿದ್ದು ಸರಿ. ಅದು 1904ರ ಬೀಕನ್ ಹಿಲ್ ಶಾಲೆ. ನಾನು ಅಲ್ಲಿಂದ ಐದು ನಿಮಿಷದ ನಡಿಗೆಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಇಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ಅವರ ಫುಡ್ ಬ್ಯಾಂಕಿನಲ್ಲಿ ವಾರಕ್ಕೆ ಒಂದು ಬೆಳಗ್ಗೆ ಅಕ್ಕಿ, ಕಾಳು, ತರಕಾರಿ ಚೀಲಕ್ಕೆ ತುಂಬುವ ಕೆಲಸ ಮಾಡುತ್ತೇನೆ. ಸಂಬಳಕ್ಕಲ್ಲ, ಸುಮ್ನೆ. ಹಾಗಾಗಿ ಈ ಕಥೆ ನನಗೆ ಸ್ವಲ್ಪ ಹತ್ತಿರದ್ದು.

ಆ ಕಟ್ಟಡವನ್ನು ಯಾರೂ ಕೊಡಲಿಲ್ಲ. ಜನ ಒಳಗೆ ಹೋಗಿ ಕೂತರು. ಮೂರು ತಿಂಗಳು ಕೂತರು.

ಅದಕ್ಕೂ ಮೊದಲಿನದನ್ನು ಹೇಳಿದರೆ ಅರ್ಥವಾಗುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಬೆಟ್ಟದ ಆಚೆಗೆ ಯಾಕಿಮಾ ಕಣಿವೆ ಇದೆ. ನಾವು ಅಂಗಡಿಯಲ್ಲಿ ಕೊಳ್ಳುವ ಸೇಬು ಜಾಸ್ತಿ ಬರುವುದು ಆ ಕಡೆಯಿಂದಲೇ. ಅಲ್ಲಿ ಸೇಬು ಬಿಡಿಸಲು, ಬೀಟ್ ಕೀಳಲು, ಬಿಯರ್‌ಗೆ ಹಾಕುವ ಹಾಪ್ಸ್ ಕೊಯ್ಯಲು ಟೆಕ್ಸಾಸ್, ನ್ಯೂ ಮೆಕ್ಸಿಕೊ ಕಡೆಯಿಂದ ಮೆಕ್ಸಿಕನ್ ಮೂಲದ ಕುಟುಂಬಗಳು ಬರುತ್ತಿದ್ದವು. ನಮ್ಮ ಕಡೆ ಕಬ್ಬು ಕಡಿಯಲು ಜನ ಗುಳೆ ಹೋಗುತ್ತಾರಲ್ಲ, ಅದೇ ಬದುಕು. ಅವರಲ್ಲಿ ಕೆಲವರು ಹೊಲ ಬಿಟ್ಟು ಸಿಯಾಟಲ್‌ಗೆ ಬಂದರು. ಹಳ್ಳಿಯಲ್ಲಾದರೆ ತಮ್ಮವರು ಒಂದೇ ಕಡೆ ಸಿಗುತ್ತಿದ್ದರು. ನಗರದಲ್ಲಿ ಒಬ್ಬರು ಈ ಮೂಲೆ, ಒಬ್ಬರು ಆ ಮೂಲೆ. ಸೇರಿ ಕೂರಲು ಒಂದು ಜಾಗ ಇರಲಿಲ್ಲ.

ಅವರು ದಿನಾ ಸೇರುತ್ತಿದ್ದ ಒಂದೇ ಜಾಗ ಅಂದರೆ ಒಂದು ಕ್ಲಾಸು. ಸೌತ್ ಸಿಯಾಟಲ್ ಕಮ್ಯುನಿಟಿ ಕಾಲೇಜಿನ ಡುವಾಮಿಶ್ ಶಾಖೆಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಮತ್ತು ಓದುಬರಹ ಕಲಿಸುತ್ತಿದ್ದರು. ಅದನ್ನು ನಡೆಸುತ್ತಿದ್ದವರಲ್ಲಿ ಮುಖ್ಯರಾದವರು ರೊಬೆರ್ತೊ ಮಾಯೆಸ್ತಾಸ್. ನ್ಯೂ ಮೆಕ್ಸಿಕೊದಲ್ಲಿ ಹುಟ್ಟಿದವರು, ಚಿಕ್ಕ ವಯಸ್ಸಿಗೇ ಮನೆ ಬಿಟ್ಟು ಹೊಲಗಳಲ್ಲಿ ದುಡಿದವರು, ಆಮೇಲೆ ಫ್ರಾಂಕ್ಲಿನ್ ಹೈಸ್ಕೂಲಿನಲ್ಲಿ ಸ್ಪ್ಯಾನಿಷ್ ಮೇಷ್ಟ್ರಾದವರು. 1972ರಲ್ಲಿ ಆ ಕ್ಲಾಸಿನ ಹಣ ನಿಂತುಹೋಯಿತು. ಕ್ಲಾಸು ಮುಚ್ಚಿತು. ಕಲಿಯುವವರು, ಕಲಿಸುವವರು ಇಬ್ಬರೂ ಬೀದಿಗೆ ಬಂದರು.

ಅದೇ ಹೊತ್ತಿಗೆ ಬೀಕನ್ ಹಿಲ್‌ನ ಈ ಶಾಲೆ ಮುಚ್ಚಿ ಖಾಲಿ ಬಿದ್ದಿತ್ತು. ಒಂದು ಕಡೆ ಕ್ಲಾಸಿಲ್ಲದ ವಿದ್ಯಾರ್ಥಿಗಳು, ಇನ್ನೊಂದು ಕಡೆ ವಿದ್ಯಾರ್ಥಿಗಳಿಲ್ಲದ ಸ್ಕೂಲು. 1972ರ ಅಕ್ಟೋಬರ್ 11ರಂದು ಅವರು ಕಟ್ಟಡದೊಳಗೆ ಹೋದರು. ಹೋದವರು ಹೊರಗೆ ಬರಲಿಲ್ಲ.

ಒಳಗೆ ಹೀಟರ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ. ಇಲ್ಲಿನ ನವೆಂಬರ್ ಮಳೆ, ಡಿಸೆಂಬರ್ ಚಳಿ ಹೇಗಿರುತ್ತದೆ ಅಂತ ಈ ಚಳಿಗಾಲದಲ್ಲಿ ನೀನೇ ನೋಡುತ್ತೀಯ. ಮರದ ಕಟ್ಟಡ, ಎತ್ತರದ ಛಾವಣಿ, ದೊಡ್ಡ ಕಿಟಕಿ. ಅಂಥದ್ದರಲ್ಲಿ ಹೆಂಗಸರು, ಮಕ್ಕಳು, ಮುದುಕರು ಸಮೇತ ಇದ್ದರು. ನಾನು ಆ ಕಾರಿಡಾರಿನಲ್ಲಿ ನಡೆಯುವಾಗಲೆಲ್ಲ ಇದು ನೆನಪಾಗುತ್ತದೆ. ಇಲ್ಲೇ ಯಾರೋ ತಾಯಿ ಮಗುವಿಗೆ ಎರಡು ಕೋಟು ಹಾಕಿ ಮಲಗಿಸಿರಬೇಕು ಅಲ್ವಾ ಅಂತ.

ಕೊನೆಗೆ ಅರ್ಜಿ, ಮೆರವಣಿಗೆ, ಮೇಯರ್ ಕಚೇರಿಯಲ್ಲಿ ಧರಣಿ, ಸಿಟಿ ಕೌನ್ಸಿಲ್ ಸಭಾಂಗಣದಲ್ಲಿ ಧರಣಿ ಎಲ್ಲ ಆದ ಮೇಲೆ 1973ರ ಜನವರಿಯಲ್ಲಿ ಐದು ವರ್ಷದ ಗುತ್ತಿಗೆ ಕೈಗೆ ಬಂತು. ಬಾಡಿಗೆ ವರ್ಷಕ್ಕೆ 1 ಡಾಲರ್.

ಹೆಸರಿನ ಬಗ್ಗೆಯೂ ಒಂದು ಮಾತು. ರಾಸಾ ಅಂದರೆ ಡಿಕ್ಷನರಿಯಲ್ಲಿ ಜನಾಂಗ ಅಂತ ಸಿಗುತ್ತದೆ. ಆದರೆ ಆ ಜನ ಅದನ್ನು ಆಡುವ ರೀತಿ ನಾವು "ನಮ್ಮೋರು" ಅಂತೀವಲ್ಲ, ಆ ತರಹ. ಸಂಸ್ಥೆಯವರು ತಮ್ಮ ಹೆಸರಿಗೆ ಕೊಡುವ ಅರ್ಥ ಇನ್ನೂ ಅಗಲವಾದದ್ದು: ಎಲ್ಲ ಜನಾಂಗದವರ ಕೇಂದ್ರ. ಯಾಕೆ ಹಾಗೆ ಅನ್ನುತ್ತಾರೆ ಅನ್ನುವುದಕ್ಕೆ ಒಂದು ದೊಡ್ಡ ಕಾರಣ ಇದೆ. ಈಗ ಫುಡ್ ಬ್ಯಾಂಕಿಗೆ ಹೊರಡಬೇಕು, ರಾತ್ರಿ ಬರೆಯುತ್ತೇನೆ.

ಹಳೆ_ಇಂಜಿನಿಯರ್ ಬರೆದದ್ದು:

ಅಕ್ಕ ಬರುವ ಮೊದಲು ನಾನು ಒಂದೆರಡು ಸಂಗತಿ ಸೇರಿಸುತ್ತೇನೆ. ನಾನು 1979ರಲ್ಲಿ ಮೈಸೂರಿನಿಂದ ಬಂದು ಇಲ್ಲಿ ವಿಮಾನದ ಕೆಲಸಕ್ಕೆ ಸೇರಿದವನು. ನಿವೃತ್ತಿಯಾಗಿ ಬಹಳ ದಿನವಾಯಿತು.

1972 ಅಂದರೆ ಸಿಯಾಟಲ್‌ಗೆ ಕೆಟ್ಟ ಕಾಲ. ಅದಕ್ಕೆ ನಾಲ್ಕೈದು ವರ್ಷ ಮುಂಚೆ ಬೋಯಿಂಗ್‌ನಲ್ಲಿ ಇಲ್ಲಿ 1,00,000ದಷ್ಟು ಜನ ಕೆಲಸ ಮಾಡುತ್ತಿದ್ದರು. 1971ರ ಹೊತ್ತಿಗೆ ಅದು 40,000ಕ್ಕಿಂತ ಕೆಳಗಿಳಿದಿತ್ತು. ಏರ್‌ಪೋರ್ಟ್ ಹತ್ತಿರ ಒಂದು ಬೋರ್ಡು ಹಾಕಿದ್ದರು, ಊರು ಬಿಟ್ಟು ಹೋಗುವ ಕೊನೆಯವರು ದಯವಿಟ್ಟು ದೀಪ ಆರಿಸಿ ಹೋಗಿ ಅಂತ. ನಾನು ಸೇರಿದಾಗ ಹಿರಿಯ ಸಹೋದ್ಯೋಗಿಗಳು ಆ ದಿನಗಳ ಮಾತು ಬಂದರೆ ದನಿ ಇಳಿಸುತ್ತಿದ್ದರು. ಊರಲ್ಲಿ ಖಾಲಿ ಮನೆ, ಖಾಲಿ ಕಟ್ಟಡ ಬೇಕಾದಷ್ಟು. ಕೆಲಸ ಮಾತ್ರ ಇಲ್ಲ. ಅಂಥ ಹೊತ್ತಿನಲ್ಲಿ ಇಂಗ್ಲಿಷ್ ಬಾರದವನಿಗೆ ಕೆಲಸ ಕೊಡುವವರು ಯಾರು? ಕ್ಲಾಸು ಮುಚ್ಚಿದ್ದು ಎಷ್ಟು ದೊಡ್ಡ ಹೊಡೆತ ಅನ್ನುವುದು ಆಗ ಗೊತ್ತಾಗುತ್ತದೆ.

ಶಾಲೆಯೊಳಗೆ ಕೂತವರ ಹಿಂದೆ ನಿಂತ ಬೇರೆ ಬೇರೆ ಜನಾಂಗದ ನಾಲ್ವರು ಗೆಳೆಯರ ಹೆಸರು ಇಲ್ಲಿ ಎಲ್ಲರಿಗೂ ಗೊತ್ತು. ಗ್ಯಾಂಗ್ ಆಫ್ ಫೋರ್ ಅಂತ ಊರೇ ಪ್ರೀತಿಯಿಂದ ಕರೆಯಿತು. ಮಾಯೆಸ್ತಾಸ್ ಒಬ್ಬರು. ಇಲ್ಲಿನ ಮೂಲನಿವಾಸಿ ಜನರ ಮುಂದಾಳು ಬರ್ನಿ ವೈಟ್‌ಬೇರ್. ಕರಿಯ ವಿದ್ಯಾರ್ಥಿಗಳನ್ನು ಕಟ್ಟಿದ ಲ್ಯಾರಿ ಗೊಸೆಟ್. ಫಿಲಿಪಿನೊ ಮೂಲದ ಬಾಬ್ ಸ್ಯಾಂಟೋಸ್, ಏಷ್ಯಾದವರ ಬಡಾವಣೆಯಾದ ಇಂಟರ್‌ನ್ಯಾಷನಲ್ ಡಿಸ್ಟ್ರಿಕ್ಟ್‌ನಲ್ಲಿ ಎಲ್ಲರಿಗೂ ಅಂಕಲ್ ಬಾಬ್.

1968ರಲ್ಲಿ ಫ್ರಾಂಕ್ಲಿನ್ ಹೈಸ್ಕೂಲಿನಲ್ಲಿ ಕರಿಯ ವಿದ್ಯಾರ್ಥಿಗಳು ಧರಣಿ ಕೂತರು, ಗೊಸೆಟ್ ಜೈಲಿಗೆ ಹೋದರು. ಅದೇ ಸ್ಕೂಲಿನಲ್ಲಿ ಆಗ ಮೇಷ್ಟ್ರಾಗಿದ್ದವರು ಮಾಯೆಸ್ತಾಸ್. 1970ರ ಮಾರ್ಚ್‌ನಲ್ಲಿ ವೈಟ್‌ಬೇರ್ ತಮ್ಮ ಜನರನ್ನು ಕಟ್ಟಿಕೊಂಡು ಫೋರ್ಟ್ ಲಾಟನ್ ಸೈನಿಕ ನೆಲೆಯ ಬೇಲಿ ಹತ್ತಿ ಒಳಗೆ ಹೋದರು, ಇದು ನಮ್ಮ ಹಿರಿಯರ ನೆಲ ಅಂತ. ಡಿಸ್ಕವರಿ ಪಾರ್ಕಿನಲ್ಲಿ ನೀವೆಲ್ಲ ನೋಡಿರುವ ಡೇಬ್ರೇಕ್ ಸ್ಟಾರ್ ಕೇಂದ್ರ ಆ ಹೋರಾಟದ ಫಲ, 1977ರಲ್ಲಿ ತೆರೆಯಿತು. ಫೋರ್ಟ್ ಲಾಟನ್ ಬೇಲಿ ಹತ್ತಿ ಎರಡು ವರ್ಷದ ಮೇಲೆ ಬೀಕನ್ ಹಿಲ್‌ನಲ್ಲಿ ಮಾಯೆಸ್ತಾಸ್ ಜನ ಒಳಗೆ ಹೋದಾಗ ದಾರಿ ಆಗಲೇ ಕಂಡಿತ್ತು.

ಗೊಸೆಟ್ ಮುಂದೆ ಇಪ್ಪತ್ತೈದು ವರ್ಷ ಕಿಂಗ್ ಕೌಂಟಿ ಕೌನ್ಸಿಲ್‌ನಲ್ಲಿದ್ದರು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ನಮ್ಮ ಕೌಂಟಿಯ ಹೆಸರು ಮೊದಲು ಇದ್ದದ್ದು ಗುಲಾಮರನ್ನು ಇಟ್ಟುಕೊಂಡಿದ್ದ ರಾಜಕಾರಣಿ ವಿಲಿಯಂ ರೂಫಸ್ ಕಿಂಗ್ ನೆನಪಿಗೆ. ಈಗ ಅದೇ ಕಿಂಗ್ ಅನ್ನುವ ಹೆಸರು ಮಾರ್ಟಿನ್ ಲೂಥರ್ ಕಿಂಗ್ ಅವರದ್ದು. 2005ರಲ್ಲಿ ಅದು ಕಾನೂನೇ ಆಯಿತು. ನಮ್ಮ ಮನೆಗೆ ಬರುವ ಕೌಂಟಿ ಕಾಗದಗಳ ಮೇಲೆ ಕಿಂಗ್ ಮುಖ ಇರುವುದನ್ನು ನೋಡಿದಾಗ ನನಗೆ ಗೊಸೆಟ್ ನೆನಪಾಗುತ್ತಾರೆ, ಅದಕ್ಕಾಗಿ ಬಹಳ ಓಡಾಡಿದವರು.

ಬಯಲುಸೀಮೆ_ಹುಡುಗ ಬರೆದದ್ದು:

ಓದಿ ಖುಷಿಯಾಯಿತು. ಆದರೆ ಒಂದು ಪ್ರಶ್ನೆ ಕೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. ಬೇರೆಯವರ ಕಟ್ಟಡದೊಳಗೆ ಹೋಗಿ ಕೂರುವುದು ಸರಿಯಾ? ನಮ್ಮೂರಲ್ಲಿ ಸರ್ಕಾರಿ ಜಾಗಕ್ಕೆ ಬೇಲಿ ಹಾಕಿಕೊಂಡು ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ಆಮೇಲೆ 1 ಡಾಲರ್ ಬಾಡಿಗೆ ಈಗಲೂ ನಡೆಯುತ್ತಿದೆಯಾ?

ಹರಿಹರದ_ಅಕ್ಕ ಬರೆದದ್ದು:

ಬೇಜಾರೇನಿಲ್ಲ ತಮ್ಮ, ಕೇಳಬೇಕಾದ ಪ್ರಶ್ನೆಯೇ. ಇಂಜಿನಿಯರ್ ಸರ್, ನೀವು ಬರೆದದ್ದರಲ್ಲಿ ನಾನು ಹೇಳಬೇಕೆಂದಿದ್ದ ಅರ್ಧ ಬಂದುಬಿಟ್ಟಿತು, ಧನ್ಯವಾದ.

ಮೊದಲು ನನ್ನ ಅವ್ವನ ವಿಷಯ ಹೇಳುತ್ತೇನೆ. ಅವ್ವ ಶಾಲೆಗೆ ಹೋದವಳಲ್ಲ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಓಣಿಯ ಶಾಲೆಯಲ್ಲಿ ರಾತ್ರಿ ಹೊತ್ತು ದೊಡ್ಡವರಿಗೆ ಓದುಬರಹ ಕಲಿಸಲು ಶುರು ಮಾಡಿದರು. ಅವ್ವ ರೊಟ್ಟಿ ಬಡಿದಿಟ್ಟು, ಲಾಟೀನು ಹಿಡಿದು, ಪಕ್ಕದ ಮನೆಯವರ ಜೊತೆ ಹೋಗುತ್ತಿದ್ದಳು. ನಾನು ಕೂರುವ ಬೆಂಚಿನಲ್ಲೇ ಕೂತು ಬರುತ್ತಿದ್ದಳು. ಅ ಆ ಇ ಈ ಮುಗಿದು ಕಾಗುಣಿತಕ್ಕೆ ಬಂದಿದ್ದರು. ಒಂದು ದಿನ ಹೋದರೆ ಬಾಗಿಲಿಗೆ ಬೀಗ. ಮಾರನೆ ದಿನವೂ ಬೀಗ. ಹಣ ಬರಲಿಲ್ಲವಂತೆ, ಕಲಿಸುವವರು ಬರುವುದಿಲ್ಲವಂತೆ ಅಂತ ಯಾರೋ ಹೇಳಿದರು. ಅವ್ವ ಸ್ಲೇಟನ್ನು ತಂದು ನನಗೆ ಕೊಟ್ಟಳು. ಅವಳಿಗೆ ಈಗಲೂ ತನ್ನ ಹೆಸರು ಬರೆಯಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುವುದಿಲ್ಲ.

ಆ ಬೀಗದ ಮುಂದೆ ಹತ್ತಿಪ್ಪತ್ತು ಹೆಂಗಸರು ನಿಂತಿದ್ದರು. ಯಾರೂ ಏನೂ ಕೇಳಲಿಲ್ಲ. ಕೇಳಬಹುದು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ ಸೆಂತ್ರೊ ಕಥೆಯನ್ನು ಮೊದಲ ಸಲ ಕೇಳಿದಾಗ ನನಗೆ ನೆನಪಾದದ್ದು ಆ ಬಾಗಿಲು. ಇಲ್ಲೂ ಅದೇ ಆಗಿತ್ತು. ಬಡವರ ಕ್ಲಾಸು, ಹಣ ನಿಂತಿತು, ಬೀಗ ಬಿತ್ತು. ಈ ಜನ ಮನೆಗೆ ಹೋಗಲಿಲ್ಲ, ಅಷ್ಟೇ ವ್ಯತ್ಯಾಸ.

ನಿನ್ನ ಪ್ರಶ್ನೆಗೆ ಬಂದರೆ, ಜಾಗಕ್ಕೆ ಬೇಲಿ ಹಾಕುವವನು ತನಗೆ ಅಂತ ಹಾಕುತ್ತಾನೆ. ಇವರು ತಮ್ಮ ಹೆಸರಿಗೆ ಪತ್ರ ಮಾಡಿಕೊಡಿ ಅನ್ನಲಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ಕಟ್ಟಿದ ಶಾಲೆ, ಶಾಲೆಯಾಗಿ ಉಪಯೋಗವಾಗಲಿ ಅಂದರು. ಕದ್ದು ಮುಚ್ಚಿ ಇರಲೂ ಇಲ್ಲ. ಊರಿಗೆಲ್ಲ ಹೇಳಿ ಕೂತರು, ಧರಣಿಯಲ್ಲಿ ಬಂಧನವಾದಾಗ ಹೋದರು. ನನ್ನ ಮಟ್ಟಿಗೆ ಅದು ಸರಿ. ಕಾನೂನು ಮುರಿದದ್ದು ಹೌದು, ಅದರ ಬೆಲೆಯನ್ನು ಅವರೇ ತೆತ್ತರು.

ರಾತ್ರಿ ಬರೆಯುತ್ತೇನೆ ಅಂದಿದ್ದ ದೊಡ್ಡ ಕಾರಣ ಇದು. ಆ ಮೂರು ತಿಂಗಳು ಕಟ್ಟಡದೊಳಗೆ ಇದ್ದವರು ಬರೀ ಸ್ಪ್ಯಾನಿಷ್ ಮಾತಾಡುವವರಲ್ಲ. ಕರಿಯರು, ಬಿಳಿಯರು, ಏಷ್ಯಾದವರು, ಮೂಲನಿವಾಸಿಗಳು ಎಲ್ಲ ಇದ್ದರು. ತಮ್ಮ ಮಕ್ಕಳ ಕ್ಲಾಸು ಅಲ್ಲದಿದ್ದರೂ ಚಳಿಯಲ್ಲಿ ಬಂದು ಕೂತರು. ಹಾಗಾಗಿ ಗೆದ್ದ ಮೇಲೆ ಇದು ನಮ್ಮೊಬ್ಬರದ್ದು ಅಂತ ಬಾಗಿಲು ಹಾಕಿಕೊಳ್ಳಲು ಆಗಲೇ ಇಲ್ಲ. ಮಾರ್ಟಿನ್ ಲೂಥರ್ ಕಿಂಗ್ ಹೇಳುತ್ತಿದ್ದ ಬಿಲವೆಡ್ ಕಮ್ಯುನಿಟಿ, ಅಂದರೆ ಎಲ್ಲರೂ ಪ್ರೀತಿಯಿಂದ ಕೂಡಿ ಬಾಳುವ ಸಮಾಜ, ಅನ್ನುವ ಮಾತನ್ನು ಅಲ್ಲಿ ಈಗಲೂ ಬಳಸುತ್ತಾರೆ. ನಾನು ಚೀಲ ತುಂಬುವ ದಿನ ಸಾಲಿನಲ್ಲಿ ವಿಯೆಟ್ನಾಂ ಅಜ್ಜಿಯರು, ಚೀನಾದ ತಾತಂದಿರು, ಇಥಿಯೋಪಿಯಾದ ತಾಯಂದಿರು ಇರುತ್ತಾರೆ. ನೀನು ಯಾವ ಜನ ಅಂತ ಯಾರನ್ನೂ ಕೇಳಿದ್ದನ್ನು ನಾನು ನೋಡಿಲ್ಲ. ನನ್ನನ್ನೂ ಕೇಳಲಿಲ್ಲ. ಮೊದಲ ದಿನ ಒಂದು ಏಪ್ರನ್ ಕೊಟ್ಟರು, ಕಾಳಿನ ಮೂಟೆ ತೋರಿಸಿದರು.

ನಾವು ಕನ್ನಡಿಗರು ಇಲ್ಲಿ ಸೇರುತ್ತೇವೆ, ಯುಗಾದಿ ಮಾಡುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಒಳ್ಳೆಯದೇ, ನಾನೂ ಅದರಲ್ಲಿ ಇದ್ದೇನೆ. ಆದರೆ ಬೇರೆಯವರ ಕ್ಲಾಸು ಮುಚ್ಚಿದರೆ ನಾವು ಹೋಗಿ ಕೂರುತ್ತೇವಾ ಅಂತ ನಾನು ತುಂಬಾ ಸಲ ಯೋಚಿಸಿದ್ದೇನೆ.

ಬಾಡಿಗೆ ವಿಷಯ. 1 ಡಾಲರ್ ಕಥೆ ಮುಗಿದು ಎಷ್ಟೋ ಕಾಲವಾಯಿತು. 1999ರಲ್ಲಿ ಸಂಸ್ಥೆ ಆ ಕಟ್ಟಡವನ್ನು ಶಾಲಾ ಇಲಾಖೆಯಿಂದ ಕೊಂಡುಕೊಂಡಿತು. ಒಳಗೆ ಹೋಗಿ ಇಪ್ಪತ್ತೇಳನೇ ವರ್ಷಕ್ಕೆ ಹಣ ಕೊಟ್ಟು ತಮ್ಮದು ಮಾಡಿಕೊಂಡರು. ಬೇಲಿ ಹಾಕಿದವರು ಹಾಗೆ ಮಾಡುತ್ತಾರಾ, ನೀನೇ ಹೇಳು.

2009ರಲ್ಲಿ ಎದುರಿಗೇ ಲೈಟ್ ರೈಲು ಸ್ಟೇಷನ್ ಬಂತು. ಸ್ಟೇಷನ್ ಬಂದರೆ ಏನಾಗುತ್ತದೆ ಗೊತ್ತಲ್ಲ, ಬೆಂಗಳೂರಲ್ಲಿ ಮೆಟ್ರೋ ಬಂದ ಕಡೆ ಏನಾಯಿತೋ ಅದೇ. ಬಾಡಿಗೆ ಏರುತ್ತದೆ, ಹಳೆಯ ಜನ ಊರ ಹೊರಗೆ ಹೋಗುತ್ತಾರೆ. ನನ್ನ ಜೊತೆ ಫುಡ್ ಬ್ಯಾಂಕಿನಲ್ಲಿದ್ದ ಒಬ್ಬ ಅಜ್ಜಿ ಹೀಗೇ ಮನೆ ಬಿಟ್ಟು ದೂರ ಹೋದರು. ಆಮೇಲೆ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಇದನ್ನು ತಡೆಯಲು ಸಂಸ್ಥೆ ತನ್ನ ಪಕ್ಕದ ಜಾಗದಲ್ಲೇ ಕಡಿಮೆ ಆದಾಯದವರಿಗೆ 112 ಮನೆ ಕಟ್ಟಿತು, 2016ರಲ್ಲಿ ಜನ ಬಂದು ಸೇರಿದರು. ನಿಮ್ಮ ಅಮ್ಮ ನೋಡಿದ ಬಣ್ಣದ ಅಪಾರ್ಟ್‌ಮೆಂಟು ಅದೇ. ಹೆಸರು ಪ್ಲಾಜಾ ರೊಬೆರ್ತೊ ಮಾಯೆಸ್ತಾಸ್. ಮಾಯೆಸ್ತಾಸ್ ಅದನ್ನು ನೋಡಲು ಇರಲಿಲ್ಲ. 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಅದನ್ನು ಕಟ್ಟಿ ನಿಲ್ಲಿಸಿದ್ದು 2009ರಿಂದ ಸಂಸ್ಥೆಯ ಹೊಣೆ ಹೊತ್ತ ಅವರ ಪತ್ನಿ ಎಸ್ತೆಲಾ ಓರ್ತೆಗಾ. ಮಾಯೆಸ್ತಾಸ್ ಹೆಸರು ಎಲ್ಲ ಕಡೆ ಬರೆದಿದೆ. ಓರ್ತೆಗಾ ಅವರ ಹೆಸರನ್ನೂ ಜನ ಅಷ್ಟೇ ಜೋರಾಗಿ ಹೇಳಬೇಕು ಅಂತ ನನ್ನ ಆಸೆ.

ಮಕ್ಕಳು ಎಲ್ಲಿ ಹೋದರು ಅಂತ ನಿಮ್ಮ ಅಮ್ಮ ಕೇಳಿದ್ದಾರಲ್ಲ. ಮಕ್ಕಳು ಅಲ್ಲೇ ಇದ್ದಾರೆ. ಕ್ಯೂಬಾದ ಕವಿ ಹೊಸೆ ಮಾರ್ತಿ ಹೆಸರಿನ ಶಿಶುವಿಹಾರ ಅಲ್ಲಿ ನಡೆಯುತ್ತದೆ. ಎರಡು ಭಾಷೆಯಲ್ಲಿ ಕಲಿಸುತ್ತಾರೆ. ಬೆಳಗ್ಗೆ ಹೋದರೆ ಗಲಾಟೆ ಕೇಳಿಸುತ್ತದೆ.

ಅಮ್ಮ ನವೆಂಬರ್ ತನಕ ಇರುತ್ತಾರಾ? ಇದ್ದರೆ ಖಂಡಿತ ಕರೆದುಕೊಂಡು ಬಾ. ಆಗ ಮೆಕ್ಸಿಕೊ ಕಡೆಯವರ ಸತ್ತವರ ಹಬ್ಬ. ತೀರಿಹೋದವರ ಫೋಟೋ ಇಟ್ಟು, ಅವರಿಗೆ ಇಷ್ಟವಾದ ತಿಂಡಿ ಇಟ್ಟು, ದೀಪ ಹಚ್ಚುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವಲ್ಲ, ಹಾಗೇ. ಸುತ್ತ ಚೆಂಡುಹೂವು. ನಾವು ಆಯುಧಪೂಜೆಗೆ ಗಾಡಿಗೆ ಕಟ್ಟುವ ಚೆಂಡುಹೂವಿನ ತವರೂರು ಮೆಕ್ಸಿಕೊ, ನಮ್ಮ ಸಾರಿಗೆ ಹಾಕುವ ಮೆಣಸಿನಕಾಯಿಯದ್ದೂ ಆ ಕಡೆಯೇ. ಮೊದಲ ವರ್ಷ ಅಲ್ಲಿ ನಿಂತಾಗ ನನ್ನ ಅಪ್ಪನ ಫೋಟೋ ತರಬೇಕಿತ್ತು ಅನ್ನಿಸಿತು. ಮರುವರ್ಷ ಒಯ್ದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಟ್ಟೆ. ಪಕ್ಕದಲ್ಲಿದ್ದ ಹೆಂಗಸು ಇದೇನು ಅಂತ ಕೇಳಿ, ಅಪ್ಪನ ಹೆಸರು ಕೇಳಿ, ತಾನೂ ಒಂದು ಹೂವು ಇಟ್ಟಳು.

ಬಯಲುಸೀಮೆ_ಹುಡುಗ ಬರೆದದ್ದು:

ಅಕ್ಕ, 1999ರಲ್ಲಿ ಕೊಂಡುಕೊಂಡ ವಿಷಯ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಫುಡ್ ಬ್ಯಾಂಕಿಗೆ ಇನ್ನೊಬ್ಬರು ಬೇಕಾಗಿದ್ದರೆ ಹೇಳಿ, ನನಗೆ ಮೂಟೆ ಎತ್ತುವ ಅಭ್ಯಾಸ ಇದೆ. ದಾವಣಗೆರೆಯಲ್ಲಿ ಚಿಕ್ಕಪ್ಪನ ಅಂಗಡಿಯಲ್ಲಿ ಬೆಳೆದವನು.

ತುಂಗೆ_ದಡ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ಅಕ್ಕನ ಅವ್ವನ ಸ್ಲೇಟಿನ ಕಡೆ ಬಂದಾಗ ಅಮ್ಮ ನಿಲ್ಲಿಸು ಅಂದರು. ಅವರೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವರ್ಷ ರಾತ್ರಿ ಶಾಲೆಯಲ್ಲಿ ಕಲಿಸಿದ್ದರಂತೆ. ಅದೂ ಹೀಗೇ ನಿಂತಿತಂತೆ. ಮುಚ್ಚಿದ ದಿನ ಬಂದು ನಿಂತ ಹೆಂಗಸರಿಗೆ ಏನು ಹೇಳಬೇಕೋ ತಿಳಿಯದೆ ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ ಅಂದರು. ನನಗೆ ಇದನ್ನು ಅವರು ಇಷ್ಟು ವರ್ಷ ಹೇಳಿರಲಿಲ್ಲ.

ಇವತ್ತು ಮತ್ತೆ ಹೋಗಿದ್ದೆವು. ಆ ಸ್ಟೇಷನ್ ಭೂಮಿಯೊಳಗೆ 160 ಅಡಿ ಆಳದಲ್ಲಿದೆ, ಲಿಫ್ಟ್‌ನಲ್ಲೇ ಮೇಲೆ ಬರಬೇಕು. ಅಮ್ಮ ಲಿಫ್ಟ್‌ನಿಂದ ಇಳಿದವರೇ ನನ್ನನ್ನು ಕಾಯದೆ ರಸ್ತೆ ದಾಟಿ ಹಳೆ ಕಟ್ಟಡದ ಕಡೆ ಹೋದರು. ಮಕ್ಕಳ ಗಲಾಟೆ ಕೇಳಿಸಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ನವೆಂಬರ್ 20ಕ್ಕೆ ಅವರ ಟಿಕೆಟ್ ಇದೆ, ಹಾಗಾಗಿ ಹಬ್ಬಕ್ಕೆ ಇರುತ್ತಾರೆ. ಅಕ್ಕ, ಅಲ್ಲಿಡಲು ಅಪ್ಪನ ಫೋಟೋ ಎಷ್ಟು ದೊಡ್ಡದು ತರಬೇಕು ಅಂತ ಕೇಳಲು ಹೇಳಿದ್ದಾರೆ.